ಎಸ್ಸೆಸ್ಸೆಲ್ಸಿ ಆದ್ಮೇಲೆ ಪಿಯು ಕಾಲೇಜ್ ಆರಿಸೋದು ಹೇಗೆ: ಮೊದಲು ಯಾವ್ದು, ಆಮೇಲೆ ಯಾವ್ದು, ದುಡ್ಡು ಯಾವಾಗ

ಪ್ರತಿ ವರ್ಷ ರಿಸಲ್ಟ್ ಹತ್ರ ಬಂತು ಅಂದ್ರೆ ನನ್ ಫೋನಿಗೆ ಒಂದೇ ಥರದ ಕಾಲ್ ಬರತ್ತೆ. "ಸೀಟ್ ಬುಕ್ ಮಾಡಿ ಅಡ್ವಾನ್ಸ್ ಕಟ್ಟಿದೀವಿ, ಈಗ ಹುಡುಗ ಸೈನ್ಸೇ ಬೇಡ ಅಂತಿದಾನೆ." ಇಲ್ಲಾಂದ್ರೆ ಆಗಸ್ಟಲ್ಲಿ, "ಮಗಳು ಹಾಸ್ಟೆಲಿಂದ ದಿನಾ ಅಳ್ತಾ ಫೋನ್ ಮಾಡ್ತಾಳೆ, ಟಿಸಿ ಕೇಳಿದ್ರೆ ಪೂರ್ತಿ ವರ್ಷದ ಫೀಸ್ ಕಟ್ಟಿ ಅಂತಾರೆ." ಊರು ಬೇರೆ, ಮನೆ ಬೇರೆ, ಆದ್ರೆ ಎಡವಿದ ಜಾಗ ಒಂದೇ. ಎಲ್ರೂ ಮೊದಲು ಕಾಲೇಜ್ ಆರಿಸ್ತಾರೆ, ಆಮೇಲೆ ಆ ಕಾಲೇಜಲ್ಲಿ ಯಾವ ಕಾಂಬಿನೇಶನ್ (ವಿಷಯಗಳ ಗುಂಪು) ಸಿಗತ್ತೆ ನೋಡ್ತಾರೆ, ಮಗುಗೆ ಏನು ಬೇಕು ಅನ್ನೋದನ್ನ ಕಟ್ಟಕಡೆಗೆ ಕೇಳ್ತಾರೆ. ಇದನ್ನ ಪೂರ್ತಿ ತಿರುಗಿಸಿ ಮಾಡ್ಬೇಕು.

ಇಲ್ಲಿ ಬರೆದಿರೋದು ಕರ್ನಾಟಕದಲ್ಲಿ ಹತ್ತನೇ ಕ್ಲಾಸಲ್ಲಿರೋ ಅಥವಾ ಈಗಷ್ಟೇ ಮುಗಿಸಿರೋ ಮಕ್ಕಳಿಗೆ. ಅಪ್ಪ ಅಮ್ಮನೂ ಪಕ್ಕದಲ್ಲಿ ಕೂತು ಓದಿದ್ರೆ ಒಳ್ಳೇದು, ಯಾಕಂದ್ರೆ ಅರ್ಧ ಕೆಲಸ ಅವ್ರದ್ದು. ಹಂತಗಳನ್ನ ಕೊಟ್ಟಿರೋ ಕ್ರಮದಲ್ಲೇ ಮಾಡಿ, ಮಧ್ಯ ಒಂದು ಬಿಟ್ರೆ ಮುಂದಿನದ್ದಕ್ಕೆ ಆಧಾರನೇ ಇರಲ್ಲ.

ಕೈಲಿ ಏನೇನಿರ್ಬೇಕು

ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್, ಹತ್ತನೇ ಕ್ಲಾಸಿನ ಪ್ರಿಪರೇಟರಿ ಮಾರ್ಕ್ಸು, ಮತ್ತೆ ಎರಡು ಮೂರು ವಾರ ಟೈಮು. ರಿಸಲ್ಟ್ ಬಂದ ದಿನ ಶುರು ಮಾಡಿದ್ರೆ ಓಡಾಟದಲ್ಲಿ ತಪ್ಪಾಗತ್ತೆ. ಪರೀಕ್ಷೆ ಮುಗಿದ ಮಾರನೇ ವಾರನೇ ಶುರು ಮಾಡಿ, ರಿಸಲ್ಟ್ ಬರೋ ಹೊತ್ತಿಗೆ ಐದನೇ ಹಂತ ಮುಗಿದಿರತ್ತೆ.

ಹಂತ 1: ಪಿಯುಸಿ ಆದ್ಮೇಲೆ ಎಲ್ಲಿಗೆ, ಮೂರು ಹೆಸರು ಬರೀರಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಪಿಯುಸಿ ಆದ್ಮೇಲೆ ಓದ್ಬೇಕು ಅನ್ಸೋ ಮೂರು ಕೋರ್ಸ್ ಬರೀರಿ. ಒಂದೇ ಬರೆದ್ರೆ ಸಾಲಲ್ಲ, ಹದಿನಾರು ವರ್ಷಕ್ಕೆ ಯಾರಿಗೂ ಅಷ್ಟು ಖಚಿತ ಇರಲ್ಲ, ಇರ್ಬೇಕು ಅಂತಾನೂ ಇಲ್ಲ. ಗೊತ್ತಿಲ್ಲ ಅನ್ನೋರು ಉಲ್ಟಾ ಕಡೆಯಿಂದ ಬನ್ನಿ: ಯಾವ ಸಬ್ಜೆಕ್ಟ್ ಪುಸ್ತಕ ಯಾರೂ ಹೇಳದೆ ಕೈಗೆ ತಗೋತೀರಿ, ಯಾವ್ದನ್ನ ಪರೀಕ್ಷೆ ಹಿಂದಿನ ರಾತ್ರಿವರೆಗೂ ಮುಂದೂಡ್ತೀರಿ. ಇದು ಮಾರ್ಕ್ಸಿಗಿಂತ ನಿಜ ಹೇಳತ್ತೆ. ಮ್ಯಾಥ್ಸಲ್ಲಿ 90 ತೆಗೆದು ಮ್ಯಾಥ್ಸ್ ಅಂದ್ರೆ ಹೊಟ್ಟೆ ಹಿಂಡತ್ತೆ ಅನ್ನೋ ಮಕ್ಕಳನ್ನ ನಾನು ನೋಡಿದೀನಿ.

ಪಿಯುಸಿ ಬಿಟ್ಟು ಬೇರೆ ದಾರಿನೂ ಇದೆ, ಅದನ್ನೂ ಇದೇ ಪುಟದಲ್ಲಿ ಯೋಚಿಸಿ. ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದ್ರೆ ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಕೈ ಕೆಲಸದಲ್ಲಿ ಆಸಕ್ತಿ ಇರೋರಿಗೆ, ಬೇಗ ಸಂಪಾದನೆ ಶುರು ಆಗ್ಬೇಕು ಅನ್ನೋ ಮನೆಯವರಿಗೆ ಇದು ಗಟ್ಟಿ ದಾರಿ. ಮಾರ್ಕ್ಸ್ ಕಮ್ಮಿ ಬಂದೋರಿಗೆ ಮಾತ್ರ ಡಿಪ್ಲೊಮಾ ಅನ್ನೋ ಮಾತನ್ನ ಕಿವಿಗೆ ಹಾಕ್ಕೋಬೇಡಿ.

ಸಾಮಾನ್ಯ ತಪ್ಪು: ಫ್ರೆಂಡ್ಸ್ ಹೋಗೋ ಕಡೆ ಹೋಗೋದು. ಪಿಯು ಸೇರಿದ ಮೇಲೆ ಸೆಕ್ಷನ್ನೇ ಬೇರೆ ಬೇರೆ ಆಗತ್ತೆ, ಆಗ ಫ್ರೆಂಡೂ ಸಿಗಲ್ಲ, ಬೇಕಿದ್ದ ಸಬ್ಜೆಕ್ಟೂ ಇರಲ್ಲ.

ಹಂತ 2: ಆ ಮೂರಕ್ಕೂ ಹೊಂದೋ ಕಾಂಬಿನೇಶನ್ ಹುಡುಕಿ

ತುಂಬಾ ಜನ ಎಡವೋ ಹಂತ ಇದು, ಸ್ವಲ್ಪ ನಿಧಾನವಾಗಿ ಓದಿ.

ದ್ವಿತೀಯ ಪಿಯುಸಿ ಒಟ್ಟು 600 ಮಾರ್ಕ್ಸು, ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಆ ನಾಲ್ಕರ ಗುಂಪಿಗೆ ಕಾಂಬಿನೇಶನ್ ಅಂತೀವಿ. ಸೈನ್ಸಲ್ಲಿ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಜೊತೆ ಬಯಾಲಜಿ ಬಂದ್ರೆ ಪಿಸಿಎಂಬಿ, ಕಂಪ್ಯೂಟರ್ ಸೈನ್ಸ್ ಬಂದ್ರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಬಂದ್ರೆ ಪಿಸಿಎಂಇ. ಕಾಮರ್ಸಲ್ಲಿ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಎಕನಾಮಿಕ್ಸ್ ಜೊತೆಗೆ ಸ್ಟ್ಯಾಟಿಸ್ಟಿಕ್ಸೋ ಕಂಪ್ಯೂಟರ್ ಸೈನ್ಸೋ ಹಿಸ್ಟರಿಯೋ ಬರತ್ತೆ. ಆರ್ಟ್ಸಲ್ಲಿ ಹೆಚ್ಚಿನ ಕಡೆ ಹೆಚ್‌ಇಪಿಎಸ್, ಅಂದ್ರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ.

ಈಗ ನಿಮ್ಮ ಮೂರು ಕೋರ್ಸ್ ಮುಂದೆ ಅದಕ್ಕೆ ಕಡ್ಡಾಯ ಇರೋ ಸಬ್ಜೆಕ್ಟ್ ಬರೀರಿ. ಎಂಬಿಬಿಎಸ್, ಡೆಂಟಲ್, ಆಯುರ್ವೇದಕ್ಕೆ ನೀಟ್ ಅನ್ನೋ ದೇಶ ಮಟ್ಟದ ಪ್ರವೇಶ ಪರೀಕ್ಷೆ ಬರೀಬೇಕು, ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಬೇಕು. ಬಿಎಸ್ಸಿ ನರ್ಸಿಂಗಿಗೂ ಅದೇ ಮೂರು. ಇಂಜಿನಿಯರಿಂಗಿಗೆ ಫಿಸಿಕ್ಸ್, ಮ್ಯಾಥ್ಸ್ ಬಿಡೋ ಹಾಗೇ ಇಲ್ಲ. ಬಿ ಫಾರ್ಮಾಗೆ ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಮ್ಯಾಥ್ಸ್ ಅಥವಾ ಬಯಾಲಜಿ. ಸೇನಾ ಅಧಿಕಾರಿ ತರಬೇತಿಗೆ ಸೇರೋ ಎನ್‌ಡಿಎ ಪರೀಕ್ಷೆ ಬರೆದು ಏರ್‌ಫೋರ್ಸ್, ನೇವಿಗೆ ಹೋಗ್ಬೇಕಾದ್ರೆ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಬೇಕು, ಅದೇ ಆರ್ಮಿಗಾದ್ರೆ ಯಾವ ಪಿಯುಸಿ ಆದ್ರೂ ನಡೆಯತ್ತೆ. ಸಿಎ ಫೌಂಡೇಶನ್ನಿಗೂ ಐದು ವರ್ಷದ ಲಾಗೂ ಇಂಥದ್ದೇ ವಿಭಾಗ ಅಂತಿಲ್ಲ, ಆದ್ರೆ ಸಿಎ ಮಾಡೋರು ಕಾಮರ್ಸ್ ತಗೊಂಡಿದ್ರೆ ಅಕೌಂಟ್ಸ್ ಹೊಸದಾಗಿ ಕಲಿಯೋ ಹೊರೆ ತಪ್ಪತ್ತೆ.

ಎರಡು ತಪ್ಪು ತಿಳುವಳಿಕೆ ಪ್ರತಿ ವರ್ಷ ಕೇಳ್ತೀನಿ. ಒಂದು, ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಮಾಡೋಕೆ ಪಿಯುಸಿಲಿ ಕಂಪ್ಯೂಟರ್ ಸೈನ್ಸ್ ಇರ್ಲೇಬೇಕು ಅಂತ. ಬೇಕಿಲ್ಲ, ಪಿಸಿಎಂಬಿ ಓದಿದೋರೂ ಅದೇ ಬ್ರಾಂಚಿಗೆ ಸೇರ್ತಾರೆ. ಇನ್ನೊಂದು, "ಯಾವ್ದಕ್ಕೂ ಇರ್ಲಿ, ಪಿಸಿಎಂಬಿನೇ ತಗೋ, ಎಲ್ಲಾ ಬಾಗಿಲೂ ತೆಗೆದಿರತ್ತೆ." ಬಾಗಿಲು ತೆಗೆದಿರತ್ತೆ, ನಿಜ. ಆದ್ರೆ ಬಯಾಲಜಿ ಓದೋಕೆ ದಿನಾ ಒಂದೂವರೆ ಗಂಟೆ ಬೇಕು, ಡಾಕ್ಟ್ರಾಗೋ ಯೋಚನೆನೇ ಇಲ್ದೆ ಇರೋ ಹುಡುಗನಿಗೆ ಆ ಟೈಮು ಮ್ಯಾಥ್ಸಿಂದ ಕಿತ್ಕೊಂಡ ಹಾಗೆ. ಮೂರು ಹೆಸರಲ್ಲಿ ಒಂದಾದ್ರೂ ಮೆಡಿಕಲ್, ನರ್ಸಿಂಗ್ ಥರದ್ದು ಇದ್ರೆ ಪಿಸಿಎಂಬಿ ತಗೊಳ್ಳಿ. ಇಲ್ಲಾಂದ್ರೆ ಬೇಡ. ಹಾಗೆ ಬಯಾಲಜಿ ಬಿಟ್ರೆ ಮುಂದೆ ನೀಟಿಗೆ ಬರೋದು ದೊಡ್ಡ ಸುತ್ತು ಅನ್ನೋದನ್ನೂ ಗೊತ್ತಿದ್ದೇ ಬಿಡಿ.

ಭಾಷೆ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸ್ಕೋಬೇಡಿ. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ರ‍್ಯಾಂಕಿಗೂ ನೀಟಿಗೂ ಭಾಷೆ ಮಾರ್ಕ್ಸ್ ಸೇರಲ್ಲ. ಸ್ಕೋರಿಂಗ್ ಅಂತ ಗೊತ್ತೇ ಇಲ್ದಿರೋ ಭಾಷೆಗೆ ಹೋಗೋದಕ್ಕಿಂತ ಓದಿ ಖುಷಿ ಪಡೋ ಭಾಷೆ ತಗೊಳ್ಳಿ.

ಎಚ್ಚರಿಕೆ: ಕೆಲವು ಕಾಲೇಜಲ್ಲಿ "ಈಗ ಇದಕ್ಕೆ ಸೇರಿ, ಆಮೇಲೆ ಬದಲಾಯಿಸೋಣ" ಅಂತಾರೆ. ಕಾಂಬಿನೇಶನ್ ಬದಲಾವಣೆ ಪ್ರಥಮ ಪಿಯು ಶುರುವಿನ ಕೆಲವು ವಾರ ಮಾತ್ರ ಸುಲಭ. ಆಮೇಲೆ ಒಂದು ವರ್ಷನೇ ಹೋಗೋ ಸಾಧ್ಯತೆ ಇರತ್ತೆ.

ಹಂತ 3: ಇಂಟಿಗ್ರೇಟೆಡ್ ಕೋಚಿಂಗ್ ಬೇಕಾ, ಲೆಕ್ಕ ಹಾಕಿ

ಸೈನ್ಸ್ ತಗೊಳ್ಳೋರಿಗೆ ಮಾತ್ರ ಈ ಹಂತ, ಬೇರೆಯವರು ನಾಲ್ಕಕ್ಕೆ ಹೋಗಿ. ಇಂಟಿಗ್ರೇಟೆಡ್ ಅಂದ್ರೆ ಪಿಯು ಪಾಠದ ಜೊತೆಗೇ ಪ್ರವೇಶ ಪರೀಕ್ಷೆಗಳ ಕೋಚಿಂಗೂ ಕೊಡೋದು.

ಯಾವ ಪರೀಕ್ಷೆ ಯಾವ ಮಾರ್ಕ್ಸನ್ನ ಲೆಕ್ಕಕ್ಕೆ ತಗೊಳತ್ತೆ ಅನ್ನೋದು ಮೊದಲು ತಿಳ್ಕೊಳ್ಳಿ. ಸಿಇಟಿ ಇಂಜಿನಿಯರಿಂಗ್ ರ‍್ಯಾಂಕಲ್ಲಿ ಅರ್ಧ ಪಾಲು ಸಿಇಟಿ ಮಾರ್ಕ್ಸು, ಇನ್ನರ್ಧ ಪಾಲು ದ್ವಿತೀಯ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾರ್ಕ್ಸು. ನೀಟಿನಲ್ಲಿ ರ‍್ಯಾಂಕಿಗೆ ಪಿಯುಸಿ ಮಾರ್ಕ್ಸ್ ಸೇರಲ್ಲ, ಆದ್ರೆ ಅರ್ಹತೆಗೆ ಜನರಲ್ ಅವ್ರಿಗೆ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿಲಿ ಶೇ 50 ಬೇಕು, ಎಸ್‌ಸಿ ಎಸ್‌ಟಿ ಒಬಿಸಿ ಅವ್ರಿಗೆ ಶೇ 40. ದೇಶ ಮಟ್ಟದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್ ಬರೆದು, ಕೇಂದ್ರ ಸರ್ಕಾರದ ಇಂಜಿನಿಯರಿಂಗ್ ಕಾಲೇಜಾದ ಎನ್‌ಐಟಿ ಸೇರೋಕೆ ಹನ್ನೆರಡನೇ ಕ್ಲಾಸಲ್ಲಿ ಶೇ 75 ಇರ್ಬೇಕು (ಎಸ್‌ಸಿ ಎಸ್‌ಟಿಗೆ 65), ಇಲ್ಲಾ ಬೋರ್ಡಿನ ಮೇಲಿನ 20 ಪರ್ಸೆಂಟೈಲಲ್ಲಿ, ಅಂದ್ರೆ ನೂರಕ್ಕೆ ಮೊದಲ ಇಪ್ಪತ್ತು ಜನರಲ್ಲಿ, ಇರ್ಬೇಕು.

ಒಂದು ಲೆಕ್ಕ ನೋಡಿ. ಒಬ್ಬಳು ಪಿಯುಸಿ ಮೂರು ವಿಷಯದಲ್ಲಿ 300ಕ್ಕೆ 270 ತೆಗೆದು ಸಿಇಟಿಲಿ 180ಕ್ಕೆ 108 ತೆಗೆದಳು ಅನ್ಕೊಳ್ಳಿ. ಅಲ್ಲಿ ಶೇ 90, ಇಲ್ಲಿ ಶೇ 60, ಸರಾಸರಿ 75. ಇನ್ನೊಬ್ಬ ಕೋಚಿಂಗಲ್ಲೇ ಮುಳುಗಿ ಸಿಇಟಿಲಿ 135 ತೆಗೆದ, ಶೇ 75 ಆಯ್ತು, ಆದ್ರೆ ಬೋರ್ಡಲ್ಲಿ 195 ಬಂತು, ಅದು ಶೇ 65. ಸರಾಸರಿ 70. ಸಿಇಟಿಲಿ 27 ಮಾರ್ಕ್ಸ್ ಜಾಸ್ತಿ ತೆಗೆದೋನು ರ‍್ಯಾಂಕಲ್ಲಿ ಹಿಂದೆ ಬಿದ್ದ. ಸಿಇಟಿನೇ ಗುರಿ ಅನ್ನೋ ಮಗುಗೆ ಬೋರ್ಡ್ ಪಾಠ ನೆಟ್ಟಗೆ ಮಾಡೋ ಕಾಲೇಜೇ ಸಾಕು, ಕೊನೇ ಎರಡು ಮೂರು ತಿಂಗಳು ಹಳೇ ಪ್ರಶ್ನೆಪತ್ರಿಕೆ ಹಿಡಿದು ಕೂತ್ರೆ ಆಯ್ತು. ಸಿಇಟಿಲಿ ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯಲ್ಲ, ನೀಟ್ ಮತ್ತು ಜೆಇಇ ಮೇನಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೀತಾರೆ, ಹಾಗಾಗಿ ಆ ಎರಡಕ್ಕೆ ಬೇರೆ ಥರದ ಅಭ್ಯಾಸ ಬೇಕೇ ಬೇಕು. ಅದು ನಿಮ್ಮ ಗುರಿ ಆದ್ರೆ ಕೋಚಿಂಗ್ ವಿಷಯ ಗಂಭೀರವಾಗಿ ಯೋಚಿಸಿ.

"ನೀಟ್ ಜೆಇಇಗೆ ಸಿಬಿಎಸ್‌ಇನೇ ಆಗ್ಬೇಕು, ಸ್ಟೇಟ್ ಪಿಯು ಉಪಯೋಗ ಇಲ್ಲ" ಅಂತ ಹೆದರಿಸ್ತಾರೆ. ನಮ್ಮ ಪಿಯು ಸೈನ್ಸ್ ಪಠ್ಯನೂ ಸಿಬಿಎಸ್‌ಇ ಮಕ್ಕಳು ಓದೋ ಎನ್‌ಸಿಇಆರ್‌ಟಿಯದ್ದೇ. ಈ ಕಾರಣ ಒಂದಕ್ಕೇ ಬೋರ್ಡ್ ಬದಲಾಯಿಸೋ ಅಗತ್ಯ ಇಲ್ಲ.

ಎಚ್ಚರಿಕೆ: ಕೆಲವು ಹೊಸ ಕೋಚಿಂಗ್ ಸಂಸ್ಥೆ "ಪಿಯು ಪ್ಲಸ್ ನೀಟ್" ಅಂತ ಸೇರಿಸ್ಕೊಳ್ಳುತ್ತೆ, ಆದ್ರೆ ಅದಕ್ಕೆ ಪಿಯು ನಡೆಸೋ ಅನುಮತಿನೇ ಇರಲ್ಲ, ಮಗುವಿನ ಹೆಸರು ಇನ್ಯಾವ್ದೋ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಇರತ್ತೆ. ಪರೀಕ್ಷೆಗೆ ಶೇ 75 ಹಾಜರಿ ಬೇಕು, ಲ್ಯಾಬ್ ಇರೋ ವಿಷಯಗಳಲ್ಲಿ ಪ್ರಾಕ್ಟಿಕಲ್ಲಿಗೇ 30 ಮಾರ್ಕ್ಸು. ಲ್ಯಾಬೇ ನೋಡದ ಮಗು ಅಲ್ಲಿ ಏನ್ ಮಾಡ್ಬೇಕು? ಪಿಯು ಇಲಾಖೆ ಕೊಟ್ಟಿರೋ ಕಾಲೇಜ್ ಕೋಡ್ ಕೇಳಿ ಬರ್ಕೊಳ್ಳಿ. ಡೌಟ್ ಬಂದ್ರೆ ಜಿಲ್ಲೆಯ ಡಿಡಿಪಿಯು (ಪಿಯು ಇಲಾಖೆ ಉಪನಿರ್ದೇಶಕರು) ಆಫೀಸಿಗೆ ಹೋಗಿ, ಈ ಕೋಡಿಗೆ ಅನುಮತಿ ಇದ್ಯಾ, ನಮಗೆ ಬೇಕಾದ ಕಾಂಬಿನೇಶನ್ನಿಗೂ ಅನುಮತಿ ಇದ್ಯಾ ಅಂತ ಕೇಳಿ.

ಹಂತ 4: ದೂರ ಮತ್ತು ದುಡ್ಡು, ಎರಡು ವರ್ಷದ್ದು ಒಟ್ಟಿಗೆ

ಫೀಸ್ ಅಂದ್ರೆ ಎಲ್ರೂ ಒಂದು ವರ್ಷದ್ದು ಕೇಳಿ ಬರ್ತಾರೆ. ಎರಡು ವರ್ಷದ್ದು ಹಾಕಿ: ಕಾಲೇಜ್ ಫೀಸು, ಕೋಚಿಂಗ್ ಇದ್ರೆ ಅದು, ಹಾಸ್ಟೆಲು, ಮೆಸ್ಸು, ಯೂನಿಫಾರ್ಮು, ಪುಸ್ತಕ, ಬಸ್ಸು, ಪರೀಕ್ಷೆ ಶುಲ್ಕ, ತಿಂಗಳಿಗೊಂದ್ಸಲ ಊರಿಗೆ ಬಂದು ಹೋಗೋ ಖರ್ಚು. ಆ ಮೊತ್ತದ ಕೆಳಗೆ, ಪಿಯುಸಿ ಆದ್ಮೇಲಿನ ಡಿಗ್ರಿಗೆ ಎಷ್ಟು ಉಳಿಯತ್ತೆ ಅಂತ ಇನ್ನೊಂದು ಸಾಲು ಬರೀರಿ. ಪಿಯುಗೇ ಮನೆ ಮೇಲೆ ಸಾಲ ತಂದು, ಎರಡು ವರ್ಷ ಆದ್ಮೇಲೆ ಒಳ್ಳೇ ಸೀಟ್ ಸಿಕ್ಕಿದ್ರೂ ಫೀಸ್ ಕಟ್ಟೋಕಾಗದೆ ಬಿಟ್ಟೋರು ಇದಾರೆ, ಅದು ನೋಡೋಕಾಗಲ್ಲ.

ಸರ್ಕಾರಿ ಪಿಯು ಕಾಲೇಜನ್ನ ನೋಡದೆ ತಳ್ಳಿಹಾಕ್ಬೇಡಿ. ಕೆಲವು ಕಡೆ ಇಪ್ಪತ್ತು ವರ್ಷ ಅದೇ ಸಬ್ಜೆಕ್ಟ್ ಪಾಠ ಮಾಡಿರೋ ಲೆಕ್ಚರರ್‌ಗಳು ಇದಾರೆ. ಕೆಲವು ಕಡೆ ಅರ್ಧ ಹುದ್ದೆ ಖಾಲಿ, ಅತಿಥಿ ಉಪನ್ಯಾಸಕರು ಬರೋ ಹೊತ್ತಿಗೆ ಎರಡು ತಿಂಗಳು ಕಳೆದಿರತ್ತೆ. ಎರಡೂ ನಿಜ, ಹೋಗಿ ಕೇಳಿದ್ರೇನೇ ಗೊತ್ತಾಗೋದು. ಮೊರಾರ್ಜಿ ದೇಸಾಯಿ ವಸತಿ ಪಿಯು ಕಾಲೇಜುಗಳಿವೆ, ಪಕ್ಕದೂರಲ್ಲಿ ಓದೋರಿಗೆ ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಮತ್ತು ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲುಗಳಿವೆ, ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಅರ್ಜಿ ಹಾಕೋ ಕೊನೇ ದಿನ ಬರ್ಕೊಂಡು ಇಟ್ಕೊಳ್ಳಿ, ಇದು ತಪ್ಪೋದು ಯಾವಾಗ್ಲೂ ದಿನಾಂಕ ಮರೆತು.

ದಿನಾ ಓಡಾಡೋರು ಬಸ್ಸಿನ ಟೈಮನ್ನೂ ಲೆಕ್ಕ ಹಾಕಿ. ಹೋಗಿ ಬರೋಕೆ ದಿನಕ್ಕೆ ಮೂರು ಗಂಟೆ ಆದ್ರೆ 200 ದಿನಕ್ಕೆ 600 ಗಂಟೆ ರಸ್ತೆಲೇ ಹೋಯ್ತು. ಒಂದ್ಸಲ ಬೆಳಿಗ್ಗೆ ಅದೇ ಬಸ್ಸಲ್ಲಿ, ಕಾಲೇಜಿಗೆ ಹೋಗೋ ಹೊತ್ತಲ್ಲೇ ಹೋಗಿ ನೋಡಿ. ಕೂರೋಕೆ ಸೀಟ್ ಸಿಗತ್ತಾ, ಸಂಜೆ ಕೊನೇ ಬಸ್ ಎಷ್ಟಕ್ಕೆ, ಹೆಣ್ಮಕ್ಕಳಾದ್ರೆ ಇಳಿದ ಜಾಗದಿಂದ ಮನೆವರೆಗೆ ದಾರಿಲಿ ಲೈಟ್ ಇದ್ಯಾ.

ಹಳ್ಳಿಯವರು ತುಂಬಾ ಕೇಳೋ ಪ್ರಶ್ನೆ ಒಂದಿದೆ. ಪಿಯುಗೆ ಸಿಟಿಗೆ ಹೋದ್ರೆ ಸಿಇಟಿಲಿ ಗ್ರಾಮೀಣ ಮೀಸಲಾತಿ ಹೋಗತ್ತಾ, ಇಂಗ್ಲಿಷ್ ಮೀಡಿಯಂ ತಗೊಂಡ್ರೆ ಕನ್ನಡ ಮಾಧ್ಯಮದ್ದು ಹೋಗತ್ತಾ? ಹೋಗಲ್ಲ. ಎರಡಕ್ಕೂ ಲೆಕ್ಕಕ್ಕೆ ಬರೋದು 1ರಿಂದ 10ನೇ ತರಗತಿವರೆಗಿನ ಓದು. ಈ ಭಯದಿಂದ ಕಾಲೇಜ್ ಬದಲಾಯಿಸ್ಬೇಡಿ.

ಹಂತ 5: ಆರು ಕಾಲೇಜಿನ ಪಟ್ಟಿ, ಬ್ಯಾನರ್ ಓದೋ ರೀತಿ

ಈಗ ಬಂತು ಕಾಲೇಜ್ ಹೆಸರು. ನಿಮ್ಮ ಕಾಂಬಿನೇಶನ್ ಇರೋ, ದುಡ್ಡಿಗೂ ದೂರಕ್ಕೂ ಹೊಂದೋ ಆರು ಕಾಲೇಜ್ ಬರೀರಿ. ಎರಡು ಕಷ್ಟಪಟ್ರೆ ಸಿಗೋವು, ಎರಡು ನಿಮ್ಮ ಮಾರ್ಕ್ಸಿಗೆ ಸರಿಯಾಗಿ ಇರೋವು, ಎರಡು ಖಂಡಿತ ಸಿಗೋವು. ಹೋದ ವರ್ಷ ಆ ಕಾಂಬಿನೇಶನ್ನಿಗೆ ಕೊನೇ ಸೀಟ್ ಎಷ್ಟು ಮಾರ್ಕ್ಸಿಗೆ ನಿಂತಿತ್ತು ಅಂತ ಆಫೀಸಲ್ಲಿ ಕೇಳಿ, 625ಕ್ಕೆ ಎಷ್ಟು ಅಂತ ನಿಮ್ಮ ವರ್ಗಕ್ಕೆ ತಕ್ಕ ಹಾಗೆ ಹೇಳ್ತಾರೆ.

ಸರ್ಕಲ್ಲಲ್ಲಿ ಕಟ್ಟಿರೋ ಫ್ಲೆಕ್ಸಲ್ಲಿ ನಲವತ್ತು ಫೋಟೋ ನೋಡಿ ಮರುಳಾಗ್ಬೇಡಿ, ಕೆಳಗಿನ ಸಂಖ್ಯೆ ಕೇಳಿ: ಒಟ್ಟು ಎಷ್ಟು ಮಕ್ಕಳು ಪರೀಕ್ಷೆ ಬರೆದಿದ್ರು? ಆರುನೂರು ಮಕ್ಕಳಲ್ಲಿ ಮೂವತ್ತು ಜನ ಒಳ್ಳೇ ರ‍್ಯಾಂಕ್ ತಂದ್ರೆ ಇಪ್ಪತ್ತಕ್ಕೆ ಒಬ್ರು. ಎಂಬತ್ತು ಮಕ್ಕಳ ಚಿಕ್ಕ ಕಾಲೇಜಲ್ಲಿ ಎಂಟು ಜನ ತಂದ್ರೆ ಹತ್ತಕ್ಕೆ ಒಬ್ರು. ಫ್ಲೆಕ್ಸ್ ಮೇಲೆ ಮೊದಲನೇದೇ ದೊಡ್ಡದಾಗಿ ಕಾಣೋದು. ಮತ್ತೆ ಕೇಳಿ: ಆ ಮಕ್ಕಳು ಯಾವ ಸೆಕ್ಷನ್? ಎಷ್ಟೋ ಕಡೆ ಟಾಪ್ ಸೆಕ್ಷನ್ ಅಂತ ಬೇರೆ ಮಾಡಿ ಒಳ್ಳೇ ಲೆಕ್ಚರರ್‌ಗಳನ್ನ ಅಲ್ಲಿಗೇ ಹಾಕಿರ್ತಾರೆ. ನಿಮ್ಮ ಮಾರ್ಕ್ಸಿಗೆ ಯಾವ ಸೆಕ್ಷನ್ ಸಿಗತ್ತೆ, ಆ ಸೆಕ್ಷನ್ನಿನ ರಿಸಲ್ಟ್ ಏನು? ಇದಕ್ಕೆ ಉತ್ತರ ಕೊಡೋಕೆ ತಡವರಿಸಿದ್ರೆ ಅದನ್ನೂ ಬರ್ಕೊಳ್ಳಿ.

ನಾನು ಯಾವಾಗ್ಲೂ ಕೇಳಿಸೋ ಪ್ರಶ್ನೆ ಇದು: ಪ್ರಥಮ ಪಿಯುಗೆ ಸೇರಿದ ಮಕ್ಕಳಲ್ಲಿ ಎಷ್ಟು ಜನ ಇದೇ ಕಾಲೇಜಿಂದ ದ್ವಿತೀಯ ಪಿಯು ಪರೀಕ್ಷೆ ಬರೆದ್ರು? ಮಧ್ಯದಲ್ಲಿ ಬಿಟ್ಟು ಹೋದೋರು ಜಾಸ್ತಿ ಇದ್ರೆ, ನೂರಕ್ಕೆ ನೂರು ರಿಸಲ್ಟ್ ಹೇಗೆ ಬಂತು ಅಂತ ಅರ್ಥ ಆಗತ್ತೆ.

ಹಂತ 6: ಹೋಗಿ ನೋಡಿ, ಪಾಠ ನಡೀತಿರೋ ದಿನ

ಅಡ್ಮಿಶನ್ ಮೇಳದ ದಿನ ಬೇಡ. ದ್ವಿತೀಯ ಪಿಯು ತರಗತಿ ನಡೀತಿರೋ ವಾರದ ದಿನ, ಹನ್ನೊಂದು ಗಂಟೆ ಸುಮಾರಿಗೆ ಹೋಗಿ. ಬೇಸಿಗೆ ರಜೆ ಆಗಿದ್ರೆ ಕೊನೇ ಪಕ್ಷ ಅದೇ ಊರಲ್ಲಿರೋ ಹಳೇ ವಿದ್ಯಾರ್ಥಿಗಳನ್ನ ಹುಡುಕಿ ಮಾತಾಡಿ. ಆರೂ ನೋಡೋಕಾಗಲ್ಲ ಅಂದ್ರೆ ಮೂರಾದ್ರೂ ನೋಡಿ.

ನಮ್ಮಕ್ಕನ ಮಗಳನ್ನ ಕರ್ಕೊಂಡು ಒಂದು ಕಾಲೇಜಿಗೆ ಹೋಗಿದ್ದೆ. ಗಾಜಿನ ಬಿಲ್ಡಿಂಗು, ರಿಸೆಪ್ಶನ್ನಲ್ಲಿ ಎಸಿ, ದೊಡ್ಡ ಟಿವಿಲಿ ಟಾಪರ್‌ಗಳ ಫೋಟೋ ಓಡ್ತಿತ್ತು. ಕೆಮಿಸ್ಟ್ರಿ ಲ್ಯಾಬ್ ತೋರ್ಸಿ ಅಂದ್ವಿ. ಅಟೆಂಡರ್ ಬೀಗದ ಕೈ ಹುಡುಕೋಕೇ ಕಾಲು ಗಂಟೆ ಆಯ್ತು. ಒಳಗೆ ಹೋದ್ರೆ ಬ್ಯೂರೆಟ್ಟುಗಳೆಲ್ಲ (ಟೈಟ್ರೇಶನ್ ಪ್ರಯೋಗಕ್ಕೆ ದ್ರಾವಣ ಹನಿ ಹನಿಯಾಗಿ ಬಿಡೋ ಗಾಜಿನ ಕೊಳವೆ) ಸ್ಟ್ಯಾಂಡಿಗೆ ಚೆಂದವಾಗಿ ಸಿಗಿಸಿಟ್ಟಿದ್ರು. ಹುಡುಗಿ ಒಂದರ ಕೆಳಗಿನ ತಿರುಪು ತಿರುಗಿಸೋಕೆ ಹೋದ್ಳು, ಕಚ್ಕೊಂಡುಬಿಟ್ಟಿದೆ, ಅಲ್ಲಾಡಲಿಲ್ಲ. ಪಕ್ಕದ್ದೂ ಹಾಗೇ. ಬೆರಳಿಗೆ ಧೂಳು ಮೆತ್ಕೊಂಡಿತ್ತು. ಅವಳು ನನ್ನ ಕಡೆ ತಿರುಗಿ "ಇಲ್ಲಿ ಯಾರೂ ಟೈಟ್ರೇಶನ್ ಮಾಡಿಲ್ಲ ಮಾಮ" ಅಂದ್ಳು. ಆಮೇಲೆ ಸೇರಿದ್ದು ಹಳೇ ಹೆಂಚಿನ ಕಟ್ಟಡದ ಕಾಲೇಜಿಗೆ, ಅಲ್ಲಿ ಸಿಂಕಿನ ಪಕ್ಕದ ಕಲ್ಲು ಆಸಿಡ್ ಬಿದ್ದು ಬಿದ್ದು ಕಲೆಯಾಗಿತ್ತು.

ಲ್ಯಾಬ್ ನೋಡಿದ ಮೇಲೆ ಟಾಯ್ಲೆಟ್ ನೋಡಿ, ನೀರು ಬರತ್ತಾ, ಬಾಗಿಲಿಗೆ ಚಿಲಕ ಇದ್ಯಾ. ಕುಡಿಯೋ ನೀರು ನೋಡಿ. ಒಂದು ಕ್ಲಾಸಲ್ಲಿ ಎಷ್ಟು ಬೆಂಚು ಎಣಿಸಿ, ಕೊನೇ ಬೆಂಚಲ್ಲಿ ಕೂತು ಬೋರ್ಡ್ ಕಾಣತ್ತಾ ನೋಡಿ. ಫಿಸಿಕ್ಸ್ ಮತ್ತು ಮ್ಯಾಥ್ಸ್ ಲೆಕ್ಚರರ್ ಎಷ್ಟು ವರ್ಷದಿಂದ ಇದೇ ಕಾಲೇಜಲ್ಲಿದಾರೆ ಕೇಳಿ. ಕಾಮರ್ಸ್ ಆದ್ರೆ ಅಕೌಂಟೆನ್ಸಿ ಮೇಷ್ಟ್ರ ಬಗ್ಗೆ ಕೇಳಿ. ವರ್ಷಾ ವರ್ಷ ಮೇಷ್ಟ್ರು ಬದಲಾಗ್ತಿದ್ರೆ ಒಳಗೆ ಏನೋ ಸರಿ ಇಲ್ಲ, ಸಂಬಳ ಸರಿಯಾಗಿ ಕೊಡ್ತಿಲ್ಲ ಅಂತಾನೇ ಸಾಮಾನ್ಯವಾಗಿ.

ಕನ್ನಡ ಮೀಡಿಯಮ್ಮಿಂದ ಬರೋ ಮಕ್ಕಳು ಇನ್ನೊಂದು ಕೇಳ್ಲೇಬೇಕು: ಶುರುವಿನಲ್ಲಿ ಬ್ರಿಡ್ಜ್ ಕೋರ್ಸ್ (ಇಂಗ್ಲಿಷ್ ಪಾಠಕ್ಕೆ ಹೊಂದಿಸೋ ತರಗತಿ) ಇದ್ಯಾ, ಅರ್ಥ ಆಗ್ದಿದ್ರೆ ಕನ್ನಡದಲ್ಲಿ ವಿವರಿಸ್ತಾರಾ? ಮೊದಲ ಮೂರು ತಿಂಗಳು "ದ್ಯುತಿಸಂಶ್ಲೇಷಣೆ" ಹೋಗಿ "ಫೋಟೋಸಿಂಥಸಿಸ್" ಆಗೋ ಹೊತ್ತಲ್ಲಿ, ಗೊತ್ತಿರೋ ವಿಷಯನೇ ಗೊತ್ತಿಲ್ಲ ಅನ್ಸೋಕೆ ಶುರುವಾಗತ್ತೆ. ಆಗ ಒಬ್ಬ ಮೇಷ್ಟ್ರು ಕರೆದು ಕೂರಿಸ್ಕೊಂಡು ಹೇಳಿಕೊಟ್ರೆ ಆ ಮಗು ನಿಲ್ಲತ್ತೆ. ಜಾಣ ಮಕ್ಕಳು ಈ ಮೂರು ತಿಂಗಳಲ್ಲೇ ಸೈನ್ಸ್ ಬಿಟ್ಟು ಹೋಗಿರೋದು ನಾನು ಕಣ್ಣಾರೆ ನೋಡಿದೀನಿ.

ಕೊನೆಗೆ ಗೇಟ್ ಹೊರಗೆ ಅಥವಾ ಬಸ್‌ಸ್ಟ್ಯಾಂಡಲ್ಲಿ ಅಲ್ಲಿನ ಮಕ್ಕಳನ್ನೇ ಕೇಳಿ. "ಕಾಲೇಜ್ ಹೇಗಿದೆ" ಅಂದ್ರೆ "ಚೆನ್ನಾಗಿದೆ" ಅಂತಾರೆ. "ಇವತ್ತು ಎಷ್ಟು ಪಿರಿಯಡ್ ನಡೀತು, ಹೋದ ವಾರ ಲ್ಯಾಬ್ ಆಯ್ತಾ, ನಿನ್ ತಂಗಿನ ಇಲ್ಲಿಗೇ ಸೇರಿಸ್ತೀಯಾ?" ಅಂತ ಕೇಳಿ.

ಹಂತ 7: ಹಾಸ್ಟೆಲ್ ಆದ್ರೆ ಇನ್ನೊಂದು ಸುತ್ತು

ಹಾಸ್ಟೆಲನ್ನ ಕಾಲೇಜಿನ ಜೊತೆ ಸೇರಿಸಿ ನೋಡ್ಬೇಡಿ, ಬೇರೆನೇ ನೋಡಿ. ಒಂದು ರೂಮಿಗೆ ಎಷ್ಟು ಜನ, ರಾತ್ರಿ ವಾರ್ಡನ್ ಅಲ್ಲೇ ಮಲಗ್ತಾರಾ, ಜ್ವರ ಬಂದ್ರೆ ಯಾರು ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ, ಮನೆಗೆ ಎಷ್ಟೊತ್ತಲ್ಲಿ ತಿಳಿಸ್ತಾರೆ. ದಿನಚರಿ ಪಟ್ಟಿ ಕೇಳಿ ಇಸ್ಕೊಳ್ಳಿ, ನಿದ್ದೆಗೆ ಎಷ್ಟು ಗಂಟೆ ಉಳಿಯತ್ತೆ ಕೂಡಿಸಿ. ಆರು ಗಂಟೆಗಿಂತ ಕಮ್ಮಿ ಬಂದ್ರೆ ಆ ಹಾಸ್ಟೆಲ್ ಬೇಡ, ಎಷ್ಟೇ ರ‍್ಯಾಂಕ್ ಬರ್ತಿರ್ಲಿ. ವಾರಕ್ಕೆ ಎಷ್ಟು ಸಲ ಮನೆಗೆ ಫೋನ್, ಯಾರೂ ಪಕ್ಕದಲ್ಲಿ ನಿಂತು ಕೇಳಿಸ್ಕೊಳ್ದೆ ಮಾತಾಡಬಹುದಾ ಅನ್ನೋದೂ ಮುಖ್ಯ.

ಒಳಗಿರೋ ಮಕ್ಕಳ ಜೊತೆ ಮಾತಾಡೋಕೆ ಬಿಡಲ್ಲ ಅಂದ್ರೆ, ಊಟದ ಹೊತ್ತಲ್ಲಿ ಮೆಸ್ ತೋರ್ಸಲ್ಲ ಅಂದ್ರೆ, ಅಲ್ಲಿಗೆ ಮುಗೀತು, ವಾಪಸ್ ಬನ್ನಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಸೇರಿಸೋ ಮುಂಚೆನೇ ಮಗುಗೆ ಬಾಯಿಬಿಟ್ಟು ಹೇಳಿ: "ಆಗ್ತಿಲ್ಲ ಅನ್ಸಿದ್ರೆ ಹೇಳು, ಬಂದು ಕರ್ಕೊಂಡು ಹೋಗ್ತೀವಿ, ಕಟ್ಟಿದ ದುಡ್ಡಿನ ಯೋಚನೆ ನಿಂದಲ್ಲ." ಎಷ್ಟೋ ಮಕ್ಕಳು ಒಳಗೊಳಗೇ ನುಂಗ್ಕೊಳ್ಳೋದು ಆ ದುಡ್ಡು ನೆನೆದೇ. ಮನಸ್ಸಿಗೆ ತೀರಾ ಭಾರ ಆದಾಗ ಟೆಲಿ ಮನಸ್ ಅನ್ನೋ ಸರ್ಕಾರಿ ಸಹಾಯವಾಣಿ 14416ಕ್ಕೆ ಕಾಲ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ನಂಬರನ್ನ ಮಗುವಿನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ಕೊಡಿ.

ಹಂತ 8: ಕಾಗದ ಪತ್ರ ಮೊದಲು, ದುಡ್ಡು ಕೊನೆಗೆ

ಟಿಸಿ, ಮಾರ್ಕ್ಸ್ ಕಾರ್ಡ್, ಆಧಾರ್, ಆರ್‌ಡಿ ನಂಬರ್ (ಪ್ರಮಾಣಪತ್ರದ ಮೇಲಿರೋ ಸಂಖ್ಯೆ) ಇರೋ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಫೋಟೋ. ಸ್ಯಾಟ್ಸ್ ನಂಬರ್ (ಸ್ಕೂಲ್ ದಾಖಲೆಯಲ್ಲಿ ಮಗುಗೆ ಕೊಟ್ಟಿರೋ ಗುರುತು ಸಂಖ್ಯೆ) ಸ್ಕೂಲಲ್ಲೇ ಬರೆಸ್ಕೊಂಡು ಬನ್ನಿ. 1ರಿಂದ 10ರವರೆಗಿನ ವ್ಯಾಸಂಗ ಪ್ರಮಾಣಪತ್ರನ ಟಿಸಿ ತಗೊಳ್ಳೋ ದಿನನೇ ಮಾಡಿಸ್ಕೊಳ್ಳಿ, ಎರಡು ವರ್ಷ ಆದ್ಮೇಲೆ ಸಿಇಟಿ ಟೈಮಲ್ಲಿ ಹಳೇ ಪ್ರೈಮರಿ ಸ್ಕೂಲು, ಬಿಇಒ ಆಫೀಸು ಅಂತ ಅಲೆಯೋದು ತಪ್ಪತ್ತೆ. ಮಾರ್ಕ್ಸ್ ಕಾರ್ಡಲ್ಲಿ, ಆಧಾರಲ್ಲಿ ಹೆಸರಿನ ಅಕ್ಷರ ಒಂದೇ ಥರ ಇದ್ಯಾ ಈಗಲೇ ನೋಡಿ. ಒರಿಜಿನಲ್ ಕೊಡೋ ಮುಂಚೆ ಐದು ಸೆಟ್ ಜೆರಾಕ್ಸ್ ಮಾಡಿಸಿ, ಸೀಟ್ ಖಚಿತ ಆಗೋವರೆಗೆ ಯಾರಿಗೂ ಒರಿಜಿನಲ್ ಕೊಡ್ಬೇಡಿ.

ದುಡ್ಡಿನ ವಿಷಯ. ರಿಸಲ್ಟಿಗೆ ಮುಂಚೆ "ಇವತ್ತೇ ಕಟ್ಟಿದ್ರೆ ಡಿಸ್ಕೌಂಟ್, ನಾಳೆ ಸೀಟ್ ಇರಲ್ಲ" ಅಂತ ಫೋನ್ ಬರತ್ತೆ. ಹಾಗೆ ಹೇಳಿದ ಕಾಲೇಜಲ್ಲಿ ಜೂನ್ ತಿಂಗಳಲ್ಲೂ ಸೀಟ್ ಖಾಲಿ ಇದ್ದಿದ್ದು ನೋಡಿದೀನಿ. ಕಟ್ಟೋ ಮುಂಚೆ ಮೂರು ವಿಷಯ ಬರಹದಲ್ಲಿ ಕೇಳಿ: ಎರಡು ವರ್ಷದ ಒಟ್ಟು ಫೀಸ್ ಎಷ್ಟು, ಎರಡನೇ ವರ್ಷ ಏರಿಸ್ತಾರಾ, ಬಿಟ್ಟು ಹೋದ್ರೆ ಎಷ್ಟು ವಾಪಸ್. ಕಾಲೇಜ್, ಕೋಚಿಂಗ್, ಹಾಸ್ಟೆಲ್ ಮೂರಕ್ಕೂ ಬೇರೆ ಬೇರೆ ರಶೀದಿ ಇಸ್ಕೊಳ್ಳಿ, ರಶೀದಿ ಯಾರ ಹೆಸರಲ್ಲಿದೆ ಓದಿ. ಕೋಚಿಂಗ್ ಸೆಂಟರ್‌ಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಮಧ್ಯದಲ್ಲಿ ಬಿಟ್ರೆ ಉಳಿದ ಅವಧಿಯ ಫೀಸನ್ನ ಲೆಕ್ಕ ಹಾಕಿ ವಾಪಸ್ ಕೊಡ್ಬೇಕು ಅಂತ ಇದೆ, ಮಾತಾಡೋವಾಗ ಅದನ್ನ ನೆನಪಿಸಿ. ರಶೀದಿ ಇಲ್ದೆ ಕೈಗೆ ದುಡ್ಡು ಕೇಳಿದ್ರೆ ಕೊಡ್ಬೇಡಿ. ಕ್ಯಾಪಿಟೇಶನ್ ಫೀ, ಅಂದ್ರೆ ಸೀಟಿಗೆ ಅಂತ ನಿಗದಿ ಫೀಸಿನ ಮೇಲೆ ಕೇಳೋ ದುಡ್ಡು, ತಗೊಳ್ಳೋದನ್ನ ನಮ್ಮ ರಾಜ್ಯದಲ್ಲಿ 1984ರ ಕಾಯ್ದೆನೇ ನಿಷೇಧಿಸಿದೆ.

ಹಂತ 9: ಸೇರಿದ ಮೊದಲ ನಾಲ್ಕು ವಾರ

ಸೇರಿಸಿ ಬಂದ್ರೆ ಮುಗೀತು ಅನ್ಕೋಬೇಡಿ. ತಪ್ಪಾಗಿದ್ರೆ ಸರಿಪಡಿಸೋಕೆ ಸುಲಭ ಇರೋದು ಈ ನಾಲ್ಕು ವಾರನೇ.

ಮಗು ದಿನಾ ರಾತ್ರಿ ನೋಟ್‌ಬುಕ್ಕಲ್ಲಿ ಎರಡು ಸಾಲು ಬರೀಲಿ: ಇವತ್ತು ಯಾವ ಪಿರಿಯಡ್ ನಡೀತು, ಯಾವ್ದು ನಡೀಲಿಲ್ಲ, ಯಾವ್ದು ಅರ್ಥ ಆಗ್ಲಿಲ್ಲ. ಎರಡನೇ ವಾರದ ಕೊನೆಗೂ ಒಂದು ಸಬ್ಜೆಕ್ಟಿಗೆ ಲೆಕ್ಚರರ್ ಬಂದಿಲ್ಲ ಅಂದ್ರೆ ಪ್ರಿನ್ಸಿಪಾಲ್ರನ್ನ ಹೋಗಿ ನೋಡಿ, ಯಾವ ದಿನ ಬರ್ತಾರೆ ಅಂತ ಕೇಳಿ. ಪಾಠ ಕಷ್ಟ ಅನ್ಸೋದು ಬೇರೆ, ಅದು ಎಲ್ರಿಗೂ ಮೊದಲ ತಿಂಗಳು ಇದ್ದಿದ್ದೇ, ಹತ್ತರಿಂದ ಪಿಯುಗೆ ಏರೋ ಮೆಟ್ಟಿಲು ಎತ್ತರ ಇದೆ. ಊಟ ಬಿಡೋದು, ನಿದ್ದೆ ಬರದೇ ಇರೋದು, ಇಷ್ಟ ಇದ್ದ ಸಬ್ಜೆಕ್ಟ್ ಪುಸ್ತಕನೂ ಮುಟ್ದೆ ಇರೋದು ಬೇರೆ. ಹಾಗೆ ಕಂಡ್ರೆ ಮಾತಾಡಿ ಸಮಾಧಾನ ಮಾಡಿ ವಾಪಸ್ ಕಳಿಸೋದಷ್ಟೇ ಸಾಲಲ್ಲ, ಒಂದು ವಾರ ಮನೆಗೆ ಕರ್ಕೊಂಡು ಬನ್ನಿ.

ಕಾಂಬಿನೇಶನ್ನೇ ತಪ್ಪಾಯ್ತು ಅಂತ ಅನ್ಸಿದ್ರೆ ಮೂರನೇ ವಾರದೊಳಗೆ ಬರಹದಲ್ಲಿ ಅರ್ಜಿ ಕೊಟ್ಟು, ಅದರ ಜೆರಾಕ್ಸಿಗೆ ಆಫೀಸಿನ ಸೀಲ್ ಹಾಕಿಸ್ಕೊಂಡು ಬನ್ನಿ. ಟಿಸಿ ಕೊಡೋಕೆ ಸತಾಯಿಸಿದ್ರೆ ಅದೇ ಸೀಲ್ ಹಾಕಿದ ಅರ್ಜಿ ಮತ್ತೆ ರಶೀದಿಗಳನ್ನ ತಗೊಂಡು ಡಿಡಿಪಿಯು ಆಫೀಸಿಗೆ ಹೋಗಿ. ಹೋಗೋವಾಗ ಪಟ್ಟಿಲಿದ್ದ ಉಳಿದ ಐದು ಕಾಲೇಜಿಗೂ ಫೋನ್ ಮಾಡಿ ಕೇಳ್ಕೊಂಡು ಹೋಗಿ, ಪ್ರವೇಶದ ಕೊನೇ ದಿನಾಂಕದವರೆಗೂ ಯಾರೋ ಒಬ್ರು ಬಿಟ್ಟು ಹೋಗ್ತಾನೇ ಇರ್ತಾರೆ, ಸೀಟ್ ಖಾಲಿ ಆಗ್ತಾನೇ ಇರತ್ತೆ.